ಮೇಲೇಳದ ಕಣ್ಣು

ಗುರುಲಿಂಗಮ್ಮನವರ ಸೊಸೆ ಕಣ್ಣೆತ್ತಿ ನೋಡುವುದಿಲ್ಲ ಎಂಬ ಮಾತು ನಾರಾಯಣಖೇಡದ ಪೇಟೆ ಓಣಿಯಲ್ಲಿ ಹೊಗಳಿಕೆಯಾಗಿಯೇ ಹಬ್ಬಿತು. ಉಮಾಬಾಯಿ ರಾಯಿಕೋಡಿನಿಂದ ಮದುವೆಯಾಗಿ ಬಂದು ಎರಡನೆಯ ವರ್ಷ ನಡೆಯುತ್ತಿತ್ತು. ದೂರದ ಯುದ್ಧದ ಬಿಸಿ ನಿಜಾಮರ ರಾಜ್ಯಕ್ಕೂ ತಟ್ಟಿ, ಸೀಮೆಎಣ್ಣೆ ಸಕ್ಕರೆಗಳು ಅಳತೆಯ ಮೇಲೆ ಸಿಗುತ್ತಿದ್ದ ಕಾಲ ಅದು. ಬಾವಿಕಟ್ಟೆಯಲ್ಲಿ ನಾಲ್ಕು ಹೆಂಗಸರು ಸೇರಿದರೆ ಮಾತು ಈ ಸೊಸೆಯ ಕಡೆಗೆ ತಿರುಗುತ್ತಿತ್ತು.

"ಸೊಸಿ ಅಂದ್ರ ಹಂಗಿರಬೇಕು ನೋಡ್ರಿ," ಎಂದು ಎದುರು ಮನೆಯ ಸುಂದರಬಾಯಿ ಕೊಡ ಕೆಳಗಿಟ್ಟು ಹೇಳುತ್ತಿದ್ದರು. "ನಮ್ಮಾಕಿ ಒಬ್ಬಾಕಿ ಅದಾಳ. ಬೀದ್ಯಾಗ ಕುದುರಿ ಹೋದ್ರ ಕುದುರಿ ನೋಡ್ತಾಳ, ಮ್ಯಾಲಿನ ಸವಾರನ್ನ ನೋಡ್ತಾಳ, ಅವನ ರುಮಾಲಿನ ಸುತ್ತೂ ಬಿಡಲ್ಲ."

"ಸುತ್ತು ಸಡ್ಲ ಆಗಿದ್ದವ್ರಿ ಅತ್ತಿ," ಎಂದು ಆಕೆಯ ಸೊಸೆ ಹಗ್ಗ ಎಳೆಯುತ್ತಲೇ ಅಂದದ್ದಕ್ಕೆ ಎಲ್ಲರೂ ನಕ್ಕರು. ಉಮಾಬಾಯಿಯೂ ನಕ್ಕಳು. ನಗುವಾಗಲೂ ಆಕೆಯ ಕಣ್ಣು ಕೊಡದೊಳಗಿನ ನೀರಿನ ಮೇಲೆಯೇ ಇತ್ತು.

ಆಕೆ ಕಣ್ಣೆತ್ತುತ್ತಿರಲಿಲ್ಲ ಎಂಬುದು ನಿಜ. ಎತ್ತಲು ಆಗುತ್ತಿರಲಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅದು ಆಕೆಗೆ ತಿಳಿದದ್ದು ಹಿತ್ತಲಲ್ಲಿ ಒಗೆದ ಬಟ್ಟೆ ಹಿಂಡುತ್ತಿದ್ದಾಗ. ಗಿಳಿಗಳ ಹಿಂಡೊಂದು ಕೂಗುತ್ತ ತಲೆಯ ಮೇಲೆ ಹಾದುಹೋಯಿತು. ನೋಡಬೇಕೆಂದು ಮನಸ್ಸು ಹೇಳಿತು, ಆದರೆ ಕಣ್ಣು ಒಲೆಯ ಮುಂದೆ ಕೂತ ಬೆಕ್ಕಿನ ಹಾಗೆ ಇದ್ದಲ್ಲೇ ಇತ್ತು. ಇನ್ನೊಮ್ಮೆ ಯತ್ನಿಸಿದಾಗ ಹುಬ್ಬು ಮೇಲೆ ಹೋಯಿತು, ಹಣೆ ನೆರಿಗೆಗಟ್ಟಿತು, ಕಣ್ಣು ಮಾತ್ರ ಏಳಲಿಲ್ಲ. ತಲೆಯನ್ನೇ ಹಿಂದಕ್ಕೆ ವಾಲಿಸಿದ ಮೇಲೆ ಆಕಾಶ ಕಂಡಿತು. ಅಷ್ಟರಲ್ಲಿ ಗಿಳಿಗಳು ಹೋಗಿದ್ದವು.

ದೃಷ್ಟಿ ಚೆನ್ನಾಗಿಯೇ ಇತ್ತು. ಸೂಜಿಗೆ ದಾರ ಪೋಣಿಸುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು, ಅತ್ತಿತ್ತ ನೋಡುತ್ತಿದ್ದಳು. ಮೇಲಕ್ಕೆ ನೋಡುವುದೊಂದೇ ಹೋಗಿತ್ತು. ಗಂಡ ಶಾಂತಪ್ಪ ಎತ್ತರದ ಆಳು. ನಿಂತ ಗಂಡನ ಮುಖ ಕಾಣಬೇಕಾದರೆ ತಲೆ ಹಿಂದಕ್ಕೆ ಹಾಕಿ ಗದ್ದ ಎತ್ತಬೇಕು. ಹಾಗೆ ಸೆಡವಿನಿಂದ ನೋಡುವ ಸೊಸೆಯರನ್ನು ಊರು ಹೊಗಳುವುದಿಲ್ಲ. ಅದಕ್ಕೆ ಅವನ ಮುಖ ನೋಡುವುದನ್ನೇ ಆಕೆ ಬಿಟ್ಟಳು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಆಕೆಗೆ ಗೊತ್ತಿತ್ತು. ರಾಯಿಕೋಡಿನ ಮನೆಯಲ್ಲಿ ಆಕೆಯ ಸೋದರತ್ತೆ ಈಶಮ್ಮ ಇದ್ದರು. ಮೂರ್ಛೆರೋಗ ಕಾಣಿಸಿಕೊಂಡಿತೆಂದು ಗಂಡನ ಮನೆಯವರು ಹಬ್ಬಕ್ಕೆ ಕಳಿಸುವವರಂತೆ ಬಂಡಿ ಕಟ್ಟಿ ಕಳಿಸಿದ್ದರು, ತಿರುಗಿ ಕರೆಯಲು ಯಾರೂ ಬರಲಿಲ್ಲ. ಗಂಡ ಮತ್ತೊಬ್ಬಳನ್ನು ಮಾಡಿಕೊಂಡ. ಈಶಮ್ಮ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡು ಮುದುಕಿಯಾದರು. ಮದುವೆಯ ದಿನ ಅವರು ಉಮಾಬಾಯಿಯ ಕೈಗೆ ಒಂದು ಹಿಡಿ ಕೊಬ್ಬರಿ ಕೊಟ್ಟು, "ತಬಿಯತ್ ಜ್ವಾಪಾನ ಮಾಡ್ಕೋ ಮಗಳ, ಬ್ಯಾರೆ ಏನೂ ಬೇಕಾಗಲ್ಲ" ಎಂದಷ್ಟೇ ಹೇಳಿದ್ದರು.

ಶಾಂತಪ್ಪ ಒಳ್ಳೆಯವನು, ಸ್ವಲ್ಪ ಪುಕ್ಕಲು. ಬೆಲ್ಲ ಮತ್ತು ಬೇಳೆಯ ಅಡತಿ ವ್ಯಾಪಾರವನ್ನು ನಡೆಸುತ್ತಿದ್ದುದು ಅವನ ದೊಡ್ಡಪ್ಪ ಬಂಡೆಪ್ಪ. ತಂದೆ ಚಿಕ್ಕಂದಿನಲ್ಲೇ ತೀರಿದ್ದರಿಂದ ದೊಡ್ಡಪ್ಪನ ಮಾತಿಗೆ ಎದುರಾಡಿ ಅವನಿಗೆ ರೂಢಿ ಇರಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಎದ್ದು ನಿಂತವನು ಕೈ ಒರೆಸಿಕೊಳ್ಳುತ್ತ ಕೇಳಿದ:

"ನನ್ನ ಮುಖ ನೋಡಬಾರ್ದು ಅನಸ್ತದೇನು ನಿನಗ?"

ಉಮಾಬಾಯಿ ತಟ್ಟೆ ಎತ್ತಿಕೊಂಡು ನಿಂತಳು. ಕಣ್ಣಿನ ಮುಂದೆ ಇದ್ದದ್ದು ಅವನ ಅಂಗಿಯ ಮೂರನೆಯ ಗುಂಡಿ.

"ಹಂಗೇನಿಲ್ರಿ."

"ಊರ ಮಂದಿ ಮುಂದ ಬಗ್ಗಿಸು, ಬ್ಯಾಡ ಅನ್ನಲ್ಲ. ನಾನೂ ಊರ ಮಂದೀನಾ?"

ಆಕೆ ತಟ್ಟೆ ಹಿಡಿದು ಒಳಗೆ ನಡೆದಳು. ಅವನು ಅಂಗಡಿಗೆ ಹೋದ. ಮರುದಿನ ಸಂತೆಯಿಂದ ಬರುವಾಗ ಆಕೆಗೆ ಒಂದು ಡಜನ್ ಹಸಿರು ಬಳೆ ತಂದು, ಬೀಸುವ ಕಲ್ಲಿನ ಮೇಲಿಟ್ಟು ಹೋದ.

ಆ ಮಳೆಗಾಲದಲ್ಲಿ ಅಡುಗೆಮನೆಯೊಳಗೆ ಸಣ್ಣ ಸಣ್ಣ ಬದಲಾವಣೆಗಳಾದವು. ಎತ್ತರದ ಮಾಡದಲ್ಲಿದ್ದ ಉಪ್ಪಿನ ಭರಣಿ ಒಂದು ದಿನ ಕೆಳಗಿನ ಕಟ್ಟೆಗೆ ಬಂದಿತ್ತು. ಆಮೇಲೆ ಅರಿಶಿನದ ಡಬ್ಬಿ, ಆಮೇಲೆ ಎಣ್ಣೆಯ ಗಿಂಡಿ. ಲಾಟೀನು ತೂಗುವ ಮೊಳೆಯನ್ನು ಯಾರೋ ಕಿತ್ತು ಒಂದು ಮೊಳ ಕೆಳಗೆ ಬಡಿದಿದ್ದರು. "ಇಲಿ ಕಾಟ" ಎಂದು ಗುರುಲಿಂಗಮ್ಮ ತಮಗೆ ತಾವೇ ಹೇಳಿಕೊಂಡಂತೆ ಗೊಣಗಿದರು. ಕೆಳಗಿಟ್ಟರೆ ಇಲಿ ಕಡಿಮೆಯಾಗುವುದು ಹೇಗೆಂದು ಉಮಾಬಾಯಿ ಕೇಳಲಿಲ್ಲ.

ಆಮೇಲೆ ಬೆಳಗಿನ ತಲೆನೋವು ಶುರುವಾಯಿತು. ಎದ್ದ ಕೂಡಲೇ ಹಿಂದಲೆ ಬಿಗಿಯುತ್ತಿತ್ತು. ಹಿತ್ತಲಿಗೆ ಹೋಗಿ ವಾಂತಿ ಮಾಡಿದರೆ ತುಸು ಹಗುರ. ಬೆಳಗಿನ ವಾಂತಿ ಎಂದ ಮೇಲೆ ಓಣಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

"ಗುರುಲಿಂಗಮ್ಮಾ, ತೊಟ್ಲು ಅಟ್ಟದ ಮ್ಯಾಲಿಂದ ಇಳಸ್ರಿ!" ಎಂದು ಸುಂದರಬಾಯಿ ಹುಣಸೆಕಾಯಿ ತಂದುಕೊಟ್ಟರು. ಬಂಡೆಪ್ಪ ಕೂಡ ಆ ವಾರ ಮೃದುವಾಗಿ ಮಾತಾಡಿದರು, ಅಂಗಡಿಯಿಂದ ಒಳ್ಳೆಯ ಬೆಲ್ಲದ ಅಚ್ಚು ಮನೆಗೆ ಕಳಿಸಿದರು. ಮುಂದಿನ ತಿಂಗಳು ಉಮಾಬಾಯಿ ಹೊರಗೆ ಕೂತಾಗ ಬೆಲ್ಲ ಬರುವುದು ನಿಂತಿತು. ವಾಂತಿ ನಿಲ್ಲಲಿಲ್ಲ.

ಅದೇ ಸುಮಾರಿಗೆ ಆಕೆ ಅಂಗಡಿಯ ಒಳಬಾಗಿಲಲ್ಲಿ ಗಾಯ ಮಾಡಿಕೊಂಡಳು. ಬೇಳೆ ತೂಗುವ ದೊಡ್ಡ ತಕ್ಕಡಿಯ ದಂಡವನ್ನು ಹಮಾಲರು ಬಾಗಿಲಿನ ಮೇಲಕ್ಕೆ ಎತ್ತಿ ಕಟ್ಟಿದ್ದರು. ಎಲ್ಲರೂ ಬಗ್ಗಿ ದಾಟುತ್ತಿದ್ದರು. ಚಹಾದ ತಟ್ಟೆ ಹಿಡಿದು ಬಂದ ಉಮಾಬಾಯಿಯ ಹಣೆ ನೇರ ಕಬ್ಬಿಣಕ್ಕೆ ಬಡಿಯಿತು. ರಕ್ತ ಹುಬ್ಬಿನ ಮೇಲಿಂದ ಇಳಿಯಿತು.

ಬಂಡೆಪ್ಪ ಗಾದಿಯಿಂದ ಎದ್ದರು. "ಅಷ್ಟು ದೊಡ್ಡ ದಂಡಿ ಕಾಣಲಿಲ್ಲ? ಕಣ್ಣಿಗೇನಾಗ್ಯಾದ ಈಕಿಗೆ?"

"ಅಕಿ ಕಣ್ಣಿಗೇನಾಗಿಲ್ಲ ಭಾವನೋರೆ," ಎಂದು ಗುರುಲಿಂಗಮ್ಮ ಸೆರಗು ಹರಿದು ಗಾಯಕ್ಕೆ ಒತ್ತಿದರು. "ನಾ ಕರದೆ, ಗಡಿಬಿಡ್ಯಾಗ ಬಂದಾಳ."

ಅವರು ಕರೆದಿರಲಿಲ್ಲ. ಅದು ಉಮಾಬಾಯಿಗೂ ಗೊತ್ತಿತ್ತು.

"ವಾಂತಿ ಅಂದ್ರಿ, ಕೂಸಿಲ್ಲ. ಈಗ ಹಾದಿ ಕಾಣಲ್ಲ. ರೋಗದ ಹುಡುಗೀನ ನಮಗ ಕಟ್ಟ್ಯಾರೇನು ರಾಯಿಕೋಡಿನವ್ರು?" ಎಂದು ಬಂಡೆಪ್ಪ ಹೇಳಿದ್ದು ಹಮಾಲರಿಗೂ ಕೇಳಿಸಿತು. ಶಾಂತಪ್ಪ ಹತ್ತಿರದಲ್ಲೇ ಬೆಲ್ಲದ ಪೆಂಟೆಗಳ ನಡುವೆ ನಿಂತಿದ್ದ. ಅವನು ಹೆಂಡತಿಯ ಹಣೆ ನೋಡಿದ, ದೊಡ್ಡಪ್ಪನನ್ನು ನೋಡಿದ, ಮತ್ತೆ ಬೆಲ್ಲ ಎಣಿಸಲು ತಿರುಗಿದ.

ಆ ವಾರದಲ್ಲೇ ಗುರುಲಿಂಗಮ್ಮ ತಮಗೆ ಕಣ್ಣು ಮಂಜಾಗಿದೆ, ಜಹೀರಾಬಾದಿನ ದವಾಖಾನೆಗೆ ಹೋಗಬೇಕು ಎಂದರು. ಜೊತೆಗೆ ಹೆಂಗಸರು ಬೇಕಲ್ಲ, ಸೊಸೆ ಬರಲಿ ಎಂದರು. ಮುದುಕಿಯ ಕಣ್ಣಿನ ಬಗ್ಗೆ ಬಂಡೆಪ್ಪನವರಿಗೆ ತಕರಾರಿರಲಿಲ್ಲ.

ಬಂಡಿ ಹೊಡೆಯುವ ಅಂಜಪ್ಪ ಆ ಮನೆಯಲ್ಲೇ ದುಡಿದು ಹಣ್ಣಾದವನು. ಕಲ್ಲುದಾರಿ ಬಂದಾಗಲೆಲ್ಲ ಕೆಳಗಿಳಿದು ಎತ್ತುಗಳ ಮೂಗುದಾರ ಹಿಡಿದು ನಡೆಸುತ್ತಿದ್ದ, ಬಂಡಿ ಕುಲುಕಬಾರದೆಂದು. ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ರಾಯಿಕೋಡಿನ ಕಡೆ ಹೋಗುವ ದಾರಿ ಒಡೆದಲ್ಲಿ ಗುರುಲಿಂಗಮ್ಮ "ಈ ಕಡೆ ಬ್ಯಾಡ, ಬೀಗರು ಕಂಡಾರು" ಎಂದಾಗ ಅವನು ಯಾಕೆಂದು ಕೇಳದೆ ಸುತ್ತುದಾರಿ ಹಿಡಿದ.

ಜೋಳದ ಹೊಲಗಳ ನಡುವೆ ಬಂಡಿ ನಿಧಾನ ಸಾಗುತ್ತಿತ್ತು. ಅಂಜಪ್ಪ ಮುಂದೆ ನಡೆಯುತ್ತಿದ್ದ. ಗುರುಲಿಂಗಮ್ಮ ಎಲೆ ಮಡಿಸುತ್ತ ಹೇಳಿದರು:

"ಮಾಡದಾಗಿನ ಭರಣಿ ಡಬ್ಬಿ ಕೆಳಗಿಳಿಸಿದಾಕಿ ನಾನೇ."

ಉಮಾಬಾಯಿಯ ಕೈ ಹಣೆಯ ಗಾಯಕ್ಕೆ ಹೋಯಿತು.

"ಉಪ್ಪಿಗಿ ಕೈ ಹಾಕುವಾಗ ನೀ ಬಾತುಕೋಳಿ ಹಂಗ ತಲಿ ಹಿಂದಕ್ಕ ಚೆಲ್ತಿದ್ದಿ. ನಾ ನೋಡೀನಿ. ಮೊದ್ಲು ನಗು ಬಂತು. ಆಮ್ಯಾಲ ಅಂಜಿಕಿ ಬಂತು."

"ಯಾಕ ಕೇಳಲಿಲ್ರಿ ಅತ್ತಿ?"

"ಕೇಳಿದ್ರ ನೀ ಹೇಳ್ತಿದ್ದಿ. ಹೇಳಿದ ಮ್ಯಾಲ ಅದು ರೋಗ ಆಗ್ತಿತ್ತು. ರೋಗ ಅಂದ್ರ ಭಾವನೋರ ಕಿವಿಗಿ ಬೀಳ್ತಿತ್ತು." ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು. "ನಿನ್ನ ಉಳಿಸ್ಲಿಕ್ಕಂತ ಮುಚ್ಚಿದೆ. ಮುಚ್ಚಿ ಮುಚ್ಚಿ ಬೆಳೆಸಿದ್ನೋ ಏನೋ."

ಉಮಾಬಾಯಿ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಂಜಪ್ಪ ಹಿಂದಕ್ಕೆ ತಿರುಗದೆ ಎತ್ತುಗಳಿಗೆ ಏನೇನೋ ಗಟ್ಟಿಯಾಗಿ ಹೇಳತೊಡಗಿದ, ಅಳು ತನಗೆ ಕೇಳಿಸುತ್ತಿಲ್ಲವೆಂದು ತೋರಿಸಲು.

ಜಹೀರಾಬಾದಿನ ದವಾಖಾನೆ ರೈಲು ಸ್ಟೇಶನ್ನಿನ ಹತ್ತಿರ, ಬೇವಿನ ಮರದ ಕೆಳಗೆ ಇತ್ತು. ಡಾಕ್ಟರ್ ಸಾಹೇಬರು ಕಲಬುರಗಿಯ ಕಡೆಯವರು. ಹೈದರಾಬಾದಿನಲ್ಲಿ ಓದಿದ್ದರೂ ಕನ್ನಡ ಬಿಟ್ಟಿರಲಿಲ್ಲ. ಬಿಳಿ ಶೇರ್ವಾನಿಯ ತೋಳು ಮಡಚಿ, ಮೊದಲು ಗುರುಲಿಂಗಮ್ಮನವರ ಕಣ್ಣು ನೋಡಲು ಹೊರಟರು.

"ನನ್ನ ಕಣ್ಣು ಛಲೋ ಅವ ಸಾಹೇಬ್ರೆ. ಮನ್ಯಾಗ ಸುಳ್ಳು ಹೇಳಿ ಬಂದೀನಿ. ಈಕೀನ ನೋಡ್ರಿ. ಕಣ್ಣು ಮ್ಯಾಲ ಏಳಲ್ಲ, ಮುಂಜಾನೆದ್ರ ತಲಿ ನೋವು, ವಾಂತಿ."

ಸಾಹೇಬರು ನಗಲಿಲ್ಲ. "ಸುಳ್ಳು ಹೇಳಿ ಬರೋರೇ ಹೆಚ್ಚು ಅಮ್ಮಾ ಇಲ್ಲಿಗೆ," ಎಂದು ಕಿಟಕಿಯ ಪರದೆ ಎಳೆದು ಕೋಣೆ ಮಬ್ಬು ಮಾಡಿದರು. ಉಮಾಬಾಯಿಯನ್ನು ಕುರ್ಚಿಯ ಮೇಲೆ ಕೂಡಿಸಿ, ತಲೆ ಅಲುಗಿಸದೆ ಮೇಲೆ ನೋಡೆಂದರು, ಆಗಲಿಲ್ಲ. ಎಡಕ್ಕೆ, ಬಲಕ್ಕೆ, ಕೆಳಕ್ಕೆ ಎಲ್ಲ ಆಯಿತು.

ಆಮೇಲೆ ಬ್ಯಾಟರಿ ತೆಗೆದರು. ಯುದ್ಧದಿಂದಾಗಿ ಅದರ ಸೆಲ್ಲು ಸಿಗುವುದೇ ಕಷ್ಟವಾಗಿದ್ದರೂ ಅವರು ಮತ್ತೆ ಮತ್ತೆ ಹೊತ್ತಿಸಿ, ಆರಿಸಿ, ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಗುರುಲಿಂಗಮ್ಮ ಹತ್ತಿರ ಬಗ್ಗಿದರು.

"ಬೆಳಕು ಬಿದ್ದರೆ ಕಣ್ಣಿನ ಪಾಪೆ ಕುಗ್ಗಬೇಕು ಅಮ್ಮಾ. ನಿಮ್ಮದು ನನ್ನದು ಎಲ್ಲರದೂ ಕುಗ್ತದೆ, ನಾವು ಹೇಳದೇನೇ. ಇವಳದು ನೋಡಿ, ಹಾಗೇ ಅಗಲ ಇದೆ."

"ಕಾಣಲ್ಲಂತೀರಾ?"

"ಕಾಣ್ತದೆ. ಬೇಟಿ, ಈಗ ನನ್ನ ಬೆರಳು ನೋಡು. ಮೂಗಿನ ಹತ್ತಿರ ತರ್ತೀನಿ, ಬಿಡದೆ ನೋಡು."

ಪರಗಂಡಸಿನ ಬೆರಳು ಮೂಗಿನ ಹತ್ತಿರ ಬಂದಾಗ ಉಮಾಬಾಯಿ ಕಣ್ಣು ಮುಚ್ಚಿಬಿಟ್ಟಳು. ಮತ್ತೆ ಕೇಳಿದರು, ಮತ್ತೆ ಮುಚ್ಚಿದಳು. ಪೆನ್ಸಿಲು ಹಿಡಿದರೂ ಅದನ್ನು ಹಿಡಿದ ಕೈ ಅವರದೇ. ಆಕೆಯ ಕಿವಿ ಕೆಂಪಾಗಿತ್ತು. ಸಾಹೇಬರು ಹಿಂದೆ ಸರಿದರು. "ಗಾಬರಿ ಬೇಡ. ಅಮ್ಮಾ, ಇವಳು ದಿನಾ ಹತ್ತಿರ ಹಿಡಿದು ನೋಡೋ ವಸ್ತು ಏನಾದ್ರೂ ಇದೆಯಾ?"

ಗುರುಲಿಂಗಮ್ಮ ಯೋಚಿಸಿದರು. "ಅದ ಸಾಹೇಬ್ರೆ. ಆದ್ರ ಅದು ದವಾಖಾನ್ಯಾಗ ತೆಗೆಯೋದಲ್ಲ."

"ಏನು?"

"ಲಿಂಗ. ನಾವು ದಿನಾ ಎಡಗೈಯಾಗಿಟ್ಟು ನೋಡ್ಕೋತ ಪೂಜಾ ಮಾಡ್ತೀವಿ."

ಸಾಹೇಬರು ಬಾಗಿಲ ಬಳಿ ಹೋಗಿ ಬೂಟು ಕಳಚಿ ಹೊರಗಿಟ್ಟು ಬಂದರು. ಕಾಂಪೌಂಡರನ್ನು ಹೊರಗೆ ಕಳಿಸಿದರು. ಮೂಲೆಯ ಹೂಜಿಯಿಂದ ನೀರು ತೆಗೆದುಕೊಳ್ಳುವಂತೆ ಕೈ ತೋರಿಸಿ, ಗೋಡೆಯ ಕಡೆ ಮುಖ ಮಾಡಿ ನಿಂತರು.

ಉಮಾಬಾಯಿ ಕೈ ತೊಳೆದು, ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಮನೆಯಲ್ಲಿ ಹಿಡಿಯುವಂತೆಯೇ ಕೈಯನ್ನು ಮುಖದ ಎದುರಿಗೆ ಎತ್ತಿ ನೋಡತೊಡಗಿದಳು. ಕೆಲಹೊತ್ತಿನಲ್ಲಿ ಆಕೆಗೆ ದವಾಖಾನೆ ಮರೆತಂತಾಯಿತು. ಆಗ ಸಾಹೇಬರು ಮೆಲ್ಲಗೆ ಬಂದು ಪಕ್ಕದಿಂದ ನೋಡಿದರು. ಗುರುಲಿಂಗಮ್ಮನೂ ನೋಡಿದರು.

ಅಗಲವಾಗಿದ್ದ ಕಪ್ಪು ಪಾಪೆ ಸಣ್ಣಗಾಗುತ್ತಿತ್ತು. ಬ್ಯಾಟರಿಯ ಬೆಳಕಿಗೆ ಅಲುಗದಿದ್ದದ್ದು ಈಗ ಎಳ್ಳುಕಾಳಿನಷ್ಟಾಯಿತು.

"ಎಪ್ಪಾ ಶಿವನೇ," ಎಂದು ಗುರುಲಿಂಗಮ್ಮ ಕೈಜೋಡಿಸಿದರು. "ಬೆಳಕಿಗಿ ಮಣೀಲಿಲ್ಲ, ಲಿಂಗಕ್ಕ ಮಣೀತು. ಇದಕ್ಕ ರೋಗ ಅಂತೀರಾ ಸಾಹೇಬ್ರೆ?"

ಉಮಾಬಾಯಿ ಲಿಂಗವನ್ನು ಕರಡಿಗೆಗೆ ಸೇರಿಸುವವರೆಗೂ ಅವರು ಕಾದರು.

"ಭಕ್ತಿ ವಿಚಾರ ನಾನು ಮಾತಾಡಲ್ಲ ಅಮ್ಮಾ. ಅದು ನಿಮ್ಮದು, ಅದರಲ್ಲಿ ನನಗೆ ಅಧಿಕಾರ ಇಲ್ಲ. ಆದರೆ ಹತ್ತಿರದ ವಸ್ತು ಯಾವುದೇ ನೋಡಿದರೂ ಹೀಗೇ ಆಗ್ತದೆ, ಸೂಜಿ ಪೋಣಿಸುವಾಗಲೂ. ಕೇಳಿ." ತಮ್ಮ ಹಣೆ ಮತ್ತು ಹಿಂದಲೆಯ ನಡುವೆ ಬೆರಳಿಂದ ಒಂದು ಗೆರೆ ಎಳೆದು ತೋರಿಸಿದರು. "ನಡುಮೆದುಳು ಅಂತ ಇದೆ, ಭಾಳ ಆಳದಲ್ಲಿ. ಅಲ್ಲಿ ಎಲ್ಲರಿಗೂ ಜೋಳದ ಕಾಳಿಗಿಂತ ಸಣ್ಣ ಒಂದು ನರದ ಗಂಟಿರ್ತದೆ. ಪಾಪೆ ಕುಗ್ಗಿಸೋದು ಅದರ ಕೆಲಸ. ಬೆಳಕಿನ ಸುದ್ದಿ ಅದಕ್ಕೆ ಹಿಂದಿನ ದಾರಿಯಿಂದ ಬರ್ತದೆ, ಹತ್ತಿರ ನೋಡೋ ಸುದ್ದಿ ಮುಂದಿನ ದಾರಿಯಿಂದ. ಇವಳಿಗೆ ಮುಂದಿನ ದಾರಿ ಖುಲ್ಲಾ ಇದೆ. ಹಿಂದಿನದರ ಮೇಲೆ ಏನೋ ಬೆಳೆದು ಕೂತಿದೆ. ಕಣ್ಣು ಮೇಲೆತ್ತೋ ಹುಕುಂ ಹೊರಡೋದೂ ಅಲ್ಲಿಂದಲೇ."

"ಹಂಗಾದ್ರ ಕಣ್ಣು ಮ್ಯಾಲ ಏಳಂಗೇ ಇಲ್ಲ?"

"ತಾನಾಗಿ ಏಳಲ್ಲ. ಅವಳ ಎದುರು ನಿಲ್ಲಿ. ಬೇಟಿ, ತಲೆ ಹಿಂದೆ ಹಾಕಿ ಅತ್ತೆ ಮುಖ ನೋಡು, ಬಿಡಬೇಡ. ಅಮ್ಮಾ, ಅವಳ ಕೆನ್ನೆ ಹಿಡಿದು ತಲೆ ನಿಧಾನ ಕೆಳಗೆ ಬಗ್ಗಿಸಿ."

ಗುರುಲಿಂಗಮ್ಮ ಎರಡು ಕೈಯಿಂದ ಸೊಸೆಯ ಕೆನ್ನೆ ಹಿಡಿದರು. ಹಣೆಯ ಗಾಯ ಇನ್ನೂ ಕಪ್ಪಗಿತ್ತು. ಮೆಲ್ಲಗೆ ತಲೆ ಬಗ್ಗಿಸಿದಂತೆಲ್ಲ ಆಕೆಯ ಕಣ್ಣು ಅತ್ತೆಯ ಮುಖದಲ್ಲೇ ನಿಂತು, ಹುಬ್ಬಿನ ಕೆಳಗೆ ಮೇಲಕ್ಕೆ, ಇನ್ನೂ ಮೇಲಕ್ಕೆ ಬಂದಿತು. ತಲೆ ಬಗ್ಗಿದ ಸೊಸೆ ಕಣ್ಣೆತ್ತಿ ಅತ್ತೆಯನ್ನು ನೋಡುತ್ತಿದ್ದಳು. ಆಕೆಯ ಕಣ್ಣು ತಿಳಿಗಂದು ಬಣ್ಣದ್ದೆಂದು ಗುರುಲಿಂಗಮ್ಮನಿಗೆ ತಿಳಿದಿರಲಿಲ್ಲ. ಅವರು ಕೈ ತೆಗೆಯಲಿಲ್ಲ. ಸಾಹೇಬರು ಸಾಕೆಂದ ಮೇಲೂ ತೆಗೆಯಲಿಲ್ಲ.

"ನರ ಹರಿದಿಲ್ಲ ನೋಡಿ," ಎಂದರು ಸಾಹೇಬರು. "ಬೇರೆಯವರು ತಲೆ ಆಡಿಸಿದರೆ ಕಣ್ಣು ಏಳ್ತದೆ. ಇವಳದೇ ಹುಕುಂ ಮಾತ್ರ ಮುಟ್ಟೋದಿಲ್ಲ."

ಹೈದರಾಬಾದಿನ ದೊಡ್ಡ ಡಾಕ್ಟರರಿಗೆ ತಾವು ಚೀಟಿ ಬರೆದು ಕಳಿಸುವುದಾಗಿ ಹೇಳಿದರು. ಆ ಬೆಳವಣಿಗೆಯಿಂದ ತಲೆಯೊಳಗೆ ಕಟ್ಟಿಕೊಂಡ ನೀರಿನ ಒತ್ತಡ ಕಡಿಮೆ ಮಾಡಿದರೆ ನೋವು ಇಳಿಯಬಹುದು, ವರ್ಷಗಟ್ಟಲೆ ಬದುಕಬಹುದು, ಬದುಕದೆಯೂ ಇರಬಹುದು. ತಡ ಮಾಡಬಾರದು. ಬೆಳಗಿನ ನೋವು ಹೆಚ್ಚಾದರೆ ಮುಚ್ಚಿಡಬಾರದು, ಆ ದಿನವೇ ಹೇಳಬೇಕು. ಕೊನೆಯ ಮಾತನ್ನು ಅವರು ಉಮಾಬಾಯಿಗೇ, ಎರಡು ಸಲ ಹೇಳಿದರು.

ಮರಳುವ ದಾರಿಯಲ್ಲಿ ಗುರುಲಿಂಗಮ್ಮ ಒಮ್ಮೆಲೇ, "ಲಿಂಗದ ಮಾತು ಮನ್ಯಾಗ ಹೇಳೋಣ" ಎಂದರು. "ಕಣ್ಣಾರೆ ಕಂಡೀನಿ, ಸುಳ್ಳಲ್ಲ. ಡಾಕ್ಟರ್ ಕಂಡಾನ. ಲಿಂಗದ ಮ್ಯಾಲಿಂದ ದೃಷ್ಟಿ ತೆಗೆಯಂಗಿಲ್ಲ ಅಂತ ಕಣ್ಣು ಮ್ಯಾಲ ಏಳಲ್ಲ ಅಂದ್ರ ಆತು. ಓಣಿ ಪೂರಾ ನಂಬ್ತದ. ಸುಂದರಬಾಯಿ ಬಂದು ಕಾಲಿಗಿ ಬೀಳ್ತಾಳ. ಶರಣಿ ಅಂತ ಕರಿಯೋ ಸೊಸೀನ ತವರಿಗೆ ಕಳಿಸೋ ಧೈರ್ಯ ಭಾವನೋರಿಗಿ ಎಲ್ಲದ?"

ಉಮಾಬಾಯಿ ಉತ್ತರ ಕೊಡಲಿಲ್ಲ. ಅತ್ತೆ ಅದನ್ನು ಒಪ್ಪಿಗೆ ಎಂದುಕೊಂಡರು.

ಮೂರನೆಯ ದಿನ ನಾರಾಯಣಖೇಡ ಮುಟ್ಟಿದಾಗ ಇಳಿಹೊತ್ತು. ಮನೆಯ ಅಂಗಳದಲ್ಲಿ ಇನ್ನೊಂದು ಬಂಡಿ ನಿಂತಿತ್ತು, ಎತ್ತು ಬಿಚ್ಚಿರಲಿಲ್ಲ. ಉಮಾಬಾಯಿಯ ತಂದೆ ಮಾಣಿಕಪ್ಪ ಅದರ ಮೂಕಿಯ ಮೇಲೆ ಕೂತಿದ್ದರು. ಬಂಡೆಪ್ಪನವರು ರಾಯಿಕೋಡಿಗೆ ಆಳು ಕಳಿಸಿ ಅವರನ್ನು ಕರೆಸಿದ್ದರು.

"ಮುದುಕಿ ಕಣ್ಣು ತೋರ್ಸಾಕ ಹೋಗಿಲ್ಲಂತ ನನಗ ಗೊತ್ತದ," ಎಂದರು ಬಂಡೆಪ್ಪ ಕಟ್ಟೆಯ ಮೇಲಿಂದ. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ನಾ ಕೆಟ್ಟಾಂವಲ್ಲ ಗುರುಲಿಂಗಮ್ಮಾ. ತಮ್ಮ ಹೋದ ಮ್ಯಾಲ ಈ ಮನಿ ಹೊತ್ತೀನಿ. ಒಬ್ಬನೇ ಹುಡುಗ, ವಂಶ ಮುಂದಕ್ಕ ಹೋಗಬೇಕು. ರೋಗ ಆದ್ರ ತವರಿನವ್ರು ನೋಡ್ಕೊಳ್ಳಿ, ಕಾಳುಕಡ್ಡಿ ನಾವೇ ಕಳಸ್ತೀವಿ. ಬೀಗರು ಒಪ್ಪ್ಯಾರ. ಹೊತ್ತು ಮುಳುಗೋದ್ರಾಗ ಬಂಡಿ ಹೊರಡ್ಲಿ."

ಎದುರು ಮನೆಯ ಬಾಗಿಲಲ್ಲಿ ಸುಂದರಬಾಯಿ ಮೊರ ಹಿಡಿದು ನಿಂತಿದ್ದರು, ಮೊರದಲ್ಲಿ ಏನೂ ಇರಲಿಲ್ಲ. ಶಾಂತಪ್ಪ ಕಂಬಕ್ಕೆ ಒರಗಿದ್ದ.

ಗುರುಲಿಂಗಮ್ಮ ಸೆರಗು ಸರಿಮಾಡಿಕೊಂಡರು. "ರೋಗ ಅಂದಾವ್ರು ಯಾರು? ದವಾಖಾನ್ಯಾಗ ಏನಾತು ಕೇಳ್ರಿ ಮೊದ್ಲು. ಡಾಕ್ಟರ್ ಬ್ಯಾಟರಿ ಹಿಡದ, ಕಣ್ಣಿನ ಪಾಪಿ ಅಲುಗಲಿಲ್ಲ. ಅದೇ ಲಿಂಗ ಕೈಯಾಗ ಹಿಡಿಸಿದ್ರ—"

"ಅತ್ತಿ, ಬ್ಯಾಡ್ರಿ," ಎಂದಳು ಉಮಾಬಾಯಿ.

ಆಕೆಯ ದನಿ ಅಷ್ಟು ಜನರ ಎದುರು ಕೇಳಿದ್ದು ಅದೇ ಮೊದಲು. ಸುಂದರಬಾಯಿ ಮೊರ ಕೆಳಗಿಳಿಸಿದರು.

"ನನ್ನ ದೇವರ್ನ ಮಾಡಬ್ಯಾಡ್ರಿ. ತಲಿ ನೋವು ಬಂದ್ರ ಆಮ್ಯಾಲ ಯಾರ ಮುಂದ ಹೇಳ್ಲಿ? ದೇವರಿಗಿ ತಲಿ ನೋವಾಗಲ್ಲ." ಆಕೆ ಅಂಗಳದ ನೆಲ ನೋಡುತ್ತಲೇ ಹೇಳಿದಳು. "ನನಗ ರೋಗ ಅದ್ರಿ ದೊಡ್ಡ ಮಾವನೋರೆ. ತಲ್ಯಾಗ ಏನೋ ಬೆಳದದಂತ. ಕಣ್ಣು ಮ್ಯಾಲ ಏಳಲ್ಲ. ನಾಚಿಕಿ ಅಲ್ಲ ಅದು, ಮರ್ಯಾದಿ ಅಲ್ಲ. ಮದ್ವ್ಯಾದಾಗ ಇರಲಿಲ್ಲ, ಇಲ್ಲೇ ಬಂತು. ನಮ್ಮಪ್ಪ ಮುಚ್ಚಿ ಕೊಟ್ಟಿಲ್ಲ. ಹೈದರಾಬಾದಿಗೆ ಹೋಗಬೇಕಂತ."

ಕಂಬಕ್ಕೆ ಒರಗಿದ್ದ ಶಾಂತಪ್ಪ ನೆಟ್ಟಗಾದ. ತನ್ನ ಮುಖವನ್ನು ಆಕೆ ಯಾಕೆ ನೋಡುತ್ತಿರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು.

ಮಾಣಿಕಪ್ಪ ಬಂಡಿಯಿಂದ ಇಳಿದು ಮಗಳ ಹತ್ತಿರ ಬಂದರು. ಮಗಳು ನೆಲ ನೋಡುತ್ತಿದ್ದಳು. ಅವರು ಒಂದು ಗಳಿಗೆ ನಿಂತು, ಹೆಗಲ ಮೇಲಿನ ವಸ್ತ್ರ ಪಕ್ಕಕ್ಕೆ ಹಾಕಿ, ಸಗಣಿ ಸಾರಿಸಿದ ಅಂಗಳದಲ್ಲಿ ಆಕೆಯ ಕಾಲ ಬಳಿ ಕೂತುಬಿಟ್ಟರು. ಈಗ ಅವರ ಮುಖ ಆಕೆಯ ಕಣ್ಣು ಬೀಳುವ ಜಾಗದಲ್ಲಿತ್ತು.

"ಕಾಣ್ತೀನೇನು ಮಗಳ?"

"ಕಾಣ್ತೀರಿ ಅಪ್ಪಾ. ಬಡವಾಗೀರಿ."

"ಬರ್ತಿ? ಒಪ್ಪೀನಿ ಅಂತ ಹೇಳೀನಿ. ಆದ್ರ ನಿನ್ನ ಕೇಳಿರಲಿಲ್ಲ. ಈಶಮ್ಮನ್ನೂ ಯಾರೂ ಕೇಳಿರಲಿಲ್ಲ ಆಗ. ಅಕಿ ಬಂಡಿ ಇಳಿದ ದಿನ ನಾನೇ ಒಳಗ ಕರ್ಕೊಂಡು ಹೋದಾಂವ. ನೀ ಬರ್ತೀನಿ ಅಂದ್ರ ಕೊಟ್ಟಿಗಿ ಕೋಣ್ಯಾಗಿಡಲ್ಲ, ನಡುಮನ್ಯಾಗ ಇಡ್ತೀನಿ. ಬರಲ್ಲ ಅಂದ್ರ ಹಂಗ ಹೇಳು."

ಉಮಾಬಾಯಿ ತಂದೆಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಬರಲ್ಲಪ್ಪಾ. ಎಷ್ಟು ದಿನ ಇರ್ತೀನೋ ಗೊತ್ತಿಲ್ಲ. ಇದ್ದಷ್ಟು ದಿನ ಇದು ನನ್ನ ಮನಿ. ಅತ್ತಿ ಜೋಡಿ ಇರ್ತೀನಿ."

"ನಿಂದೊಂದೇ ಮಾತು ನಡೀತದೇನು?" ಎಂದು ಬಂಡೆಪ್ಪ ಕಟ್ಟೆಯಿಂದ ಎದ್ದರು. "ಶಾಂತಪ್ಪಾ, ಹೇಳೋ ನೀ. ಗಂಡ ನೀನೋ ನಾನೋ?"

ಶಾಂತಪ್ಪನಿಗೆ ಮಾತಿನಲ್ಲಿ ಧೈರ್ಯ ಸಾಲುತ್ತಿರಲಿಲ್ಲ. ಅಂಗಳಕ್ಕಿಳಿದು, ದೊಡ್ಡಪ್ಪನ ಮುಂದೆಯೇ ಹಾದು, ಬೀಗರ ಬಂಡಿಯ ಹತ್ತಿರ ಹೋಗಿ ಎತ್ತಿನ ಕೊರಳ ಹಗ್ಗಕ್ಕೆ ಕೈ ಹಾಕಿದ. ಬೆಳಗಿನಿಂದ ಬಿಗಿದಿದ್ದ ಗಂಟು ಬಿಚ್ಚಲು ಬರಲಿಲ್ಲ. ಅವನು ಬಿಡದೆ ಎಳೆಯತೊಡಗಿದ.

ಬಂಡೆಪ್ಪ ಸುತ್ತ ನೋಡಿ, ಒಳಗೆ ನಡೆದರು. ಅವರ ಹಿಂದೆ ಬಾಗಿಲು ಮುಚ್ಚಿಕೊಳ್ಳಲಿಲ್ಲ.

"ಬೀಗರೆ, ಏಳ್ರಿ. ಕೈಕಾಲು ತೊಳ್ಕೋರಿ," ಎಂದರು ಗುರುಲಿಂಗಮ್ಮ. "ನಾಳಿಗಿ ನಾವೆಲ್ಲ ಕೂಡೇ ಜಹೀರಾಬಾದಿನ ರೈಲಿಗಿ ಹೋಗೋಣ. ಇವತ್ತು ರೊಟ್ಟಿ ಬಡೀತೀನಿ."

ಮಾಣಿಕಪ್ಪ ಅಂಗೈ ಊರಿ ಎದ್ದರು. ನೇರ ಬಂಡಿಯ ಆ ಬದಿಗೆ ಹೋಗಿ, ಅಳಿಯನ ಕಡೆ ನೋಡದೆ, ಇನ್ನೊಂದು ಎತ್ತಿನ ಹಗ್ಗ ಬಿಚ್ಚತೊಡಗಿದರು.